ಕರೆಂಟ್ ಕಥಿ, ಭಾಗ 3: ಕಾವೇರಿಯಿಂದ ಕೋಲಾರಕ್ಕ, 147 ಕಿಲೋಮೀಟರ್

ನಮ್ಮ ಘತ್ತರಗಿ ಕಡೆ ಒಂದು ಟಿಸಿ ಸುಟ್ಟರ ಸಾಕು, ಭೀಮಾ ದಂಡಿ ಮೋಟರ್ ನಿಲ್ತಾವ, ಮನ್ಯಾಗ ಫ್ಯಾನ್ ನಿಲ್ತದ. ಎಲ್ಲರೂ ಟಿಸಿಗೆ ಬೈತಾರ. ಅದು ಮಾಡೋ ಕೆಲಸ ಏನು ಅಂತ ಕೇಳಿದ್ರ ಮಾತ್ರ ಬಹಳ ಮಂದಿ ಸುಮ್ನಾಗ್ತಾರ. ಬರ್ರಿ, ಇತಿಹಾಸದಿಂದಲೇ ತಿಳ್ಕೊಳ್ಳೋಣ.

📌 1902, ಜೂನ್ 30
ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟ್ ಕೋಲಾರದ ಚಿನ್ನದ ಗಣಿ ಮುಟ್ಟಿತು. ದೂರ ಸುಮಾರು 147 ಕಿ.ಮೀ. ಕಲಬುರಗಿಯಿಂದ ಸೋಲಾಪುರಕ್ಕಿಂತ ದೂರ! ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಈ ಯೋಜನೆ ರೂಪಿಸಿದ್ರು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತ್ರು. ಅಯ್ಯರ್ 1901ರಲ್ಲೇ ತೀರಿಕೊಂಡರು, ಆ ದಿನ ನೋಡಲಿಲ್ಲ.

ಮನೆಗಳಿಗಿಂತ ಮೊದಲು ಗಣಿಗೆ ಯಾಕ? ಬಿ.ಕಾಂ. ಹುಡುಗರಿಗೆ ಇದು ಸುಲಭ: ದೊಡ್ಡ ಬಂಡವಾಳ ಹಾಕೋ ಮುಂಚೆ ಖಾಯಂ ಗಿರಾಕಿ ಬೇಕು. ಗಣಿ ಕಂಪನಿಗಳು ಕರೆಂಟ್ ಕೊಳ್ಳೋದಕ್ಕೆ ಮೊದಲೇ ಒಪ್ಪಿದ್ವು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಆಮ್ಯಾಲ, 1905ರ ಆಗಸ್ಟ್ 5ರಂದು.

⚡ ತೊಡಕು ಎಲ್ಲಿತ್ತು?
ತಂತಿಯಲ್ಲಿ ಕರೆಂಟ್ ಹರಿದರ ತಂತಿ ಬಿಸಿ ಆಗ್ತದ. ಆ ಬಿಸಿಯೇ ನಷ್ಟ. ಕರೆಂಟ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹಂಗಾದ್ರ ಕರೆಂಟ್ ಕಡಿಮೆ ಮಾಡಬೇಕು, ಆದ್ರ ಶಕ್ತಿ ಅಷ್ಟೇ ಮುಟ್ಟಬೇಕು. ಹೆಂಗ?

ಶಕ್ತಿ = ವೋಲ್ಟೇಜ್ × ಕರೆಂಟ್. ಪೈಪಿನ ನೀರು ನೆನಸ್ಕೊಳ್ರಿ: ವೋಲ್ಟೇಜ್ ಅಂದ್ರ ಒತ್ತಡ, ಕರೆಂಟ್ ಅಂದ್ರ ಹರಿಯೋ ನೀರಿನ ಪ್ರಮಾಣ. ಒತ್ತಡ ಏರಿಸಿದ್ರ ಕಡಿಮೆ ನೀರಿನಿಂದಲೂ ಅಷ್ಟೇ ಕೆಲಸ ಆಗ್ತದ.

ಶಿವನಸಮುದ್ರದಲ್ಲಿ ಅದನ್ನೇ ಮಾಡಿದ್ರು. ಜನರೇಟರಿನ 2,200 ವೋಲ್ಟನ್ನ ಟ್ರಾನ್ಸ್‌ಫಾರ್ಮರ್ 35,000ಕ್ಕೆ ಏರಿಸಿತು. ವೋಲ್ಟೇಜ್ ಸುಮಾರು 16 ಪಟ್ಟು ಹೆಚ್ಚು, ಕರೆಂಟ್ 16 ಪಟ್ಟು ಕಡಿಮೆ. ಅದೇ ತಂತಿಯಲ್ಲಿ ನಷ್ಟ? 16 × 16, ಅಂದ್ರ ಸುಮಾರು 250 ಪಟ್ಟು ಕಡಿಮೆ!

🏡 ನಮ್ಮೂರಿಗೆ ಬಂದ್ರ
ಆಗ ನಮ್ಮ ಕಡೆ ನಿಜಾಮರ ಹೈದರಾಬಾದ್ ಸಂಸ್ಥಾನ. ಆ ತಂತಿ ಇಲ್ಲಿಗೆ ಬರಲಿಲ್ಲ, ಆ ಲೆಕ್ಕ ಮಾತ್ರ ಬಂತು. ದೂರದಿಂದ ಹೆಚ್ಚಿನ ವೋಲ್ಟೇಜಿನಲ್ಲಿ ಬಂದದ್ದನ್ನ ಹಂತಹಂತವಾಗಿ ಇಳಿಸ್ತಾರ. ಕೊನೇ ಮೆಟ್ಟಿಲೇ ಹೊಲದ ಟಿಸಿ: 11,000 ವೋಲ್ಟ್ ಒಳಗ ಹೋಗ್ತದ, ಮೋಟರಿಗೆ 415, ಮನೆಗೆ 230 ಆಗಿ ಹೊರಗ ಬರ್ತದ.

ಅಂದ್ರ ಟಿಸಿ ಮೇಲಿನ ತಂತಿ ಮನೆ ತಂತಿಯಂಥದ್ದಲ್ಲ. ಮುಟ್ಟದಿದ್ರೂ, ಹತ್ತಿರ ಹೋದ್ರೇ ಕಿಡಿ ಹಾರಬಹುದು.

🧪 ಇಲ್ಲೊಂದು ಕೆಮಿಸ್ಟ್ರಿ
ಶುದ್ಧ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯಲ್ಲ. ಆದ್ರ ಬೆವರು, ಬಾವಿ ನೀರು, ಹೊಳಿ ನೀರಿನಲ್ಲಿ ಉಪ್ಪುಗಳು ಕರಗಿರ್ತಾವ. ಕರಗಿದ ಉಪ್ಪು ಅಯಾನುಗಳಾಗಿ ಒಡೀತದ, ಕರೆಂಟ್ ಹೊತ್ತು ಸಾಗಿಸೋದು ಇವೇ. ಅದಕ್ಕೇ ಒದ್ದಿ ಕೈ, ಹಸಿ ಕೋಲು ಅಷ್ಟು ಅಪಾಯ. ಒಣ ಕೋಲು ಅಂತ ಧೈರ್ಯ ಮಾಡಬ್ಯಾಡ್ರಿ, 11,000 ವೋಲ್ಟಿಗೆ ಅದೂ ನಂಬಿಕೆಯದ್ದಲ್ಲ.

ರಾತ್ರಿ ಫ್ಯೂಜ್ ಹೋಯ್ತು, ಬೆಳಿಗೆ ನೀರು ಬಿಡಬೇಕು ಅಂತ ಅಪ್ಪನೋ ಕಾಕಾನೋ ಕೋಲು ಹಿಡ್ಕೊಂಡು ಹೊಂಟ್ರ ತಡೀರಿ, ಈ ಲೆಕ್ಕ ಹೇಳ್ರಿ, ಲೈನ್‌ಮನ್‌ಗೆ ಫೋನ್ ಹಚ್ರಿ. ಒಂದು ರಾತ್ರಿ ನೀರು ತಡ ಆದ್ರ ನಡೀತದ.

ಈಗ ನೀವು ಹೇಳ್ರಿ: ವೋಲ್ಟೇಜ್ 10 ಪಟ್ಟು ಏರಿಸಿದ್ರ, ಅದೇ ತಂತಿಯಲ್ಲಿ ನಷ್ಟ ಎಷ್ಟು ಪಟ್ಟು ಇಳೀತದ? ಉತ್ತರ ಕಮೆಂಟ್‌ನಾಗ 👇
ಭಾಗ 4: ಬ್ಯಾಟರಿ ಒಳಗ ಏನದ?

#ಕರೆಂಟ್_ಕಥಿ #ಘತ್ತರಗಿ #ಕಲಬುರಗಿ