ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ಅಭಿನಯದ ಜನಪದ ನೆಲೆ

ನಟಿ ಉಮಾಶ್ರೀಯವರ ಕಲಾಜೀವನವನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಒಂದು ವಿಭಜನೆ ಕಾಣಿಸಿಕೊಳ್ಳುತ್ತದೆ. ‘ಒಡಲಾಳ’ದ ಸಾಕವ್ವ ಹಾಗೂ ‘ಗುಲಾಬಿ ಟಾಕೀಸ್’ನ ಗುಲಾಬಿ ಒಂದು ಕಡೆ, ಎನ್.ಎಸ್. ರಾವ್ ಅವರಿಗೆ ಜೋಡಿಯಾಗಿ ನಿರ್ವಹಿಸಿದ ಹಾಸ್ಯಪಾತ್ರಗಳು ಮತ್ತೊಂದು ಕಡೆ. ಮೊದಲಿನವು ಕಲೆ, ಉಳಿದವು ಹೊಟ್ಟೆಪಾಡು ಎಂಬುದು ಈ ವಿಭಜನೆಯ ತಿರುಳು. ಜಾನಪದ ಅಧ್ಯಯನದ ನೆಲೆಯಿಂದ ನೋಡಿದಾಗ ಇದು ಸುಲಭವಾಗಿ ಒಪ್ಪತಕ್ಕ ಮಾತಲ್ಲ.

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಜನಿಸಿದ ಉಮಾಶ್ರೀ ರಂಗಭೂಮಿಯ ಹಿನ್ನೆಲೆಯಿಂದ ಚಿತ್ರರಂಗಕ್ಕೆ ಬಂದವರು. ಕಾಶೀನಾಥ್ ನಿರ್ದೇಶನದ ‘ಅನುಭವ’ (1984) ಅವರಿಗೆ ಹೆಸರು ತಂದಿತು. ಜೊತೆಗೆ ಒಂದು ಹಣೆಪಟ್ಟಿಯನ್ನೂ ಅಂಟಿಸಿತು. ಬಳಿಕ ಹಲವು ವರ್ಷಗಳ ಕಾಲ ದ್ವಂದ್ವಾರ್ಥದ ಸಂಭಾಷಣೆಯ ಪಾತ್ರಗಳೇ ಅವರನ್ನು ಅರಸಿ ಬಂದವು. ಆ ಚಿತ್ರಗಳಲ್ಲಿ ಅಗ್ಗದ ಸರಕು ಧಾರಾಳವಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಮಾತುಗಳನ್ನು ಉಮಾಶ್ರೀ ಆಡಿದ ಬಗೆ ಬೇರೊಂದು ಪರಂಪರೆಯನ್ನು ನೆನಪಿಸುತ್ತದೆ.

ಹಳೆಯ ಮೈಸೂರು ಸೀಮೆಯ ಮದುವೆಗಳಲ್ಲಿ ಹೆಂಗಸರು ಹಾಡುವ ಬೀಗರ ಹಾಡುಗಳನ್ನು ಕೇಳಿದವರಿಗೆ ಈ ಪರಂಪರೆ ಅಪರಿಚಿತವಲ್ಲ. ಬೀಗಿತಿಯ ನಡೆ, ಬೀಗನ ಹೊಟ್ಟೆ, ಗಂಡಸಿನ ಜಂಬ ಎಲ್ಲವೂ ಅಲ್ಲಿ ಗೇಲಿಗೆ ಒಳಗಾಗುತ್ತವೆ. ಕ್ಷೇತ್ರಕಾರ್ಯದಲ್ಲಿ ಇಂಥ ಹಾಡುಗಳನ್ನು ಕೇಳಿದಾಗಲೆಲ್ಲ ಹಾಡುಗಾರ್ತಿಯರು ಮೊದಲು ಹಜಾರದಲ್ಲಿರುವ ಗಂಡಸರತ್ತ ನೋಡಿ, ಅವರು ಎದ್ದು ಹೋದ ಮೇಲೆಯೇ ಬಾಯಿ ಬಿಚ್ಚಿದ್ದುಂಟು. ನಮ್ಮ ಅನೇಕ ಸಂಪಾದಕರು ಅಂಥ ನುಡಿಗಳನ್ನು ‘ಅಶ್ಲೀಲ’ವೆಂದು ಅಚ್ಚಿನಿಂದ ಕೈಬಿಟ್ಟರು. ನಗೆಯ ಹೆಣ್ಣನ್ನು ಸಂಕಲನದಿಂದ ಹೊರಗಿಟ್ಟ ವಿದ್ವತ್ತು, ಅದೇ ಬಗೆಯ ಹೆಣ್ಣು ತೆರೆಯ ಮೇಲೆ ಬಂದಾಗ ಗುರುತಿಸದೆ ಹೋದುದರಲ್ಲಿ ಆಶ್ಚರ್ಯವೇನಿಲ್ಲ. ಒಂದು ವ್ಯತ್ಯಾಸ ಮಾತ್ರ ಗಂಭೀರವಾದುದು: ಬೀಗರ ಹಾಡಿನಲ್ಲಿ ನಗುವವಳೂ ನಗಿಸುವವಳೂ ಹೆಣ್ಣೇ, ಚಿತ್ರದಲ್ಲಿ ಮಾತು ಬರೆದವರು, ಕ್ಯಾಮೆರಾ ಹಿಡಿದವರು ಬಹುಮಟ್ಟಿಗೆ ಗಂಡಸರು. ಉಮಾಶ್ರೀಯವರ ಕಸುಬುಗಾರಿಕೆ ಈ ಇಕ್ಕಟ್ಟಿನೊಳಗೇ ನಡೆಯಿತು. ಮಾತನ್ನು ಎಳೆಯುವ, ತಟ್ಟನೆ ಕಡಿಯುವ, ಎದುರಿಗಿದ್ದವನ ಮುಖಕ್ಕೇ ಹಿಂದಿರುಗಿಸುವ ಅವರ ಲಯ ಯಾವ ಸಂಭಾಷಣಕಾರನೂ ಬರೆದುಕೊಟ್ಟುದಲ್ಲ.

ಇದೇ ನಾಲಗೆ ಸಾಕವ್ವನಿಗೂ ಒದಗಿತು. ದೇವನೂರ ಮಹಾದೇವರ ‘ಒಡಲಾಳ’ ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ರಂಗಕ್ಕೆ ಬಂದಾಗ, ಮುಪ್ಪಿಗೆ ಬಹುದೂರವಿದ್ದ ಉಮಾಶ್ರೀ ಕಳೆದುಹೋದ ಹುಂಜವನ್ನು ಅರಸುವ ಮುದುಕಿಯಾದರು. ಸಾಕವ್ವನ ಬೈಗುಳ ಮತ್ತು ಅಳು ಬೇರೆಬೇರೆಯಲ್ಲ. ಶಾಪ ಹಾಕುತ್ತಲೇ ಆಕೆ ದುಃಖವನ್ನು ತೋಡಿಕೊಳ್ಳುತ್ತಾಳೆ. ಸತ್ತವರ ಮುಂದೆ ಕೂತು ಹಾಡಿಕೊಂಡು ಅಳುವ ಹೆಂಗಸರಲ್ಲಿಯೂ ಇದೇ ಕ್ರಮವಿದೆ. ನಗಿಸುವ ಪಾತ್ರಗಳಲ್ಲಿ ಮಾತಿನ ಏರಿಳಿತವನ್ನು ಪಳಗಿಸಿಕೊಂಡ ನಟಿಗೆ ಈ ಜಿಗಿತ ದೊಡ್ಡದಾಗಿರಲಿಲ್ಲ. ‘ಪುಟ್ನಂಜ’ (1995) ಚಿತ್ರದಲ್ಲಿ ತಮಗಿಂತ ನಾಲ್ಕು ವರ್ಷವಷ್ಟೇ ಕಿರಿಯರಾದ ರವಿಚಂದ್ರನ್ ಅವರಿಗೆ ಅಜ್ಜಿಯಾದದ್ದನ್ನೂ ಇಲ್ಲಿ ನೆನೆಯಬಹುದು. ನಾಯಕಿಯ ಚೌಕಟ್ಟಿಗೆ ಹೊಂದದ ನಟಿಗೆ ಉದ್ಯಮ ತೋರಿಸಿದ ದಾರಿ ಅದು. ಪ್ರೇಕ್ಷಕರು ಮಾತ್ರ ಆ ಅಜ್ಜಿಯನ್ನು ಮರೆಯಲಿಲ್ಲ.

ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ‘ಗುಲಾಬಿ ಟಾಕೀಸ್’ 2008ನೆಯ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯನ್ನು ಉಮಾಶ್ರೀಯವರಿಗೆ ತಂದಿತು. ಕರಾವಳಿಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಸಿನಿಮಾದ ಹುಚ್ಚು. ಹೆರಿಗೆ ಮಾಡಿಸಿದ ಉಪಕಾರಕ್ಕೆ ಬಣ್ಣದ ಟಿ.ವಿ. ಆಕೆಯ ಮನೆಗೆ ಬರುತ್ತದೆ. ಅದರೊಡನೆ ಕೇರಿಯ ಹೆಂಗಸರೂ ಬರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಊರಿನ ಹಗೆ ಅದೇ ಮನೆಯತ್ತ ತಿರುಗುತ್ತದೆ. ಇಲ್ಲಿ ಉಮಾಶ್ರೀ ಮಾತನ್ನು ಬಹಳಷ್ಟು ಬಿಟ್ಟುಕೊಟ್ಟಿದ್ದಾರೆ. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗ ಅರಳುವ ಬೆರಗೇ ಪಾತ್ರದ ಜೀವಾಳ. ತೆರೆಯ ಮೇಲೆ ದಶಕಗಳ ಕಾಲ ನೋಡಿಸಿಕೊಂಡ ನಟಿ ಇಲ್ಲಿ ನೋಡುವವಳಾಗಿ ಕೂತಿದ್ದಾಳೆ. ಅವರ ಅಭಿನಯಗಳಲ್ಲಿ ನನ್ನ ಮಟ್ಟಿಗೆ ಇದೇ ಶ್ರೇಷ್ಠವಾದುದು.

ರಾಜಕೀಯದ ಅವಧಿಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ತೇರದಾಳದಿಂದ 2013ರಲ್ಲಿ ವಿಧಾನಸಭೆಗೆ ಆಯ್ಕೆಯಾಗಿ ಸಚಿವರಾದರು. ಕನ್ನಡ ಮತ್ತು ಸಂಸ್ಕೃತಿ ಖಾತೆಯೂ ಅವರಲ್ಲಿತ್ತು. 2018ರ ಚುನಾವಣೆಯಲ್ಲಿ ಸೋತರು. ಗಮನಿಸಬೇಕಾದದ್ದು ಅನಂತರದ ಮರಳುವಿಕೆ. ಡಿಸೆಂಬರ್ 2021ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ, ಗಂಡುಮಗು ಹೆರಲಿಲ್ಲವೆಂದು ಗಂಡನಿಂದ ದೂರವಾಗಿ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ ಅವರಾದರು. ಧಾರಾವಾಹಿಯ ಕಣ್ಣೀರಿನ ಲೆಕ್ಕಾಚಾರ ಪುಟ್ಟಕ್ಕನನ್ನೂ ಬಿಟ್ಟಿಲ್ಲ. ಆದರೂ ಮನೆಯ ಗೋಳನ್ನು ಕಥೆಯಾಗಿ ಹೇಳಿಕೊಳ್ಳುವ, ನಿತ್ಯವೂ ಒಂದಿಷ್ಟು ಮುಂದಕ್ಕೆ ಉಳಿಸುವ ಅಜ್ಜಿಯರ ರೂಢಿ ಸಂಜೆಯ ವೇಳೆಗೆ ಲಕ್ಷಾಂತರ ಮನೆಗಳಲ್ಲಿ ಹೀಗೆ ಮುಂದುವರಿಯಿತು ಎಂದರೆ ಅತಿಶಯೋಕ್ತಿಯಾಗದು.

2025ರ ಜನವರಿಯಲ್ಲಿ ಉಮಾಶ್ರೀ ಹೊನ್ನಾವರದಲ್ಲಿ ಯಕ್ಷಗಾನದ ಮಂಥರೆಯಾಗಿ ಕಾಣಿಸಿಕೊಂಡರು. ಗಂಡಸರೇ ಸ್ತ್ರೀವೇಷ ಕಟ್ಟುತ್ತ ಬಂದ ರಂಗಸ್ಥಳ ಅದು. ಅರುವತ್ತೇಳರ ವಯಸ್ಸಿನಲ್ಲಿ ಅವರು ಆರಿಸಿಕೊಂಡದ್ದು ಕೈಕೇಯಿಯನ್ನಲ್ಲ, ಮಾತಿನಿಂದಲೇ ಕಥೆಯನ್ನು ತಿರುಗಿಸುವ ಗೂನುಬೆನ್ನಿನ ದಾಸಿಯನ್ನು.