ಅಣ್ಣನಿಗೆ ನೆಗಡಿಯಾಗಿದ್ದ ದಿನ

ಹೋದ ವಾರ ನ್ಯಾಮತಿಯಿಂದ ದೊಡ್ಡಮ್ಮ ಫೋನ್ ಮಾಡಿದ್ರು. ನೆಟ್ ಕಾಲ್. ಹಿಂದೆ ಯಾರೋ ಅಡಿಕೆ ಸುಲಿಯುವ ಸದ್ದೂ ಕೇಳ್ತಿತ್ತು!

ನಾನು ಚಿಕ್ಕವನಿದ್ದಾಗ ಹೀಗಿರಲಿಲ್ಲ. ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಅಮೆರಿಕದಲ್ಲಿದ್ದ ಮಗನ ಜೊತೆ ಮಾತಾಡೋಕೆ ದೊಡ್ಡಮ್ಮ ಹೊನ್ನಾಳಿಯ ಸೈಬರ್ ಕೆಫೆಗೆ ಬರಬೇಕಿತ್ತು. ನಮ್ಮಲ್ಲಿ ಇಂಟರ್‌ನೆಟ್ ಫೋನಿಗೆ ಅನುಮತಿ ಸಿಕ್ಕಿದ್ದೇ 2002ರ ಏಪ್ರಿಲ್‌ನಲ್ಲಿ. ಹೆಡ್‌ಫೋನ್ ಹಾಕ್ಕೊಂಡು ಅರ್ಧ ಗಂಟೆ ಕೂಗಿ, ಎದ್ದು ಬಂದು, "ಅದು ಅವನ ದನಿ ಅಲ್ಲ ಕಣೋ, ನೆಗಡಿಯಾಗಿದೆ, ನನ್ನತ್ರ ಮುಚ್ಚಿಡ್ತಾನೆ" ಅಂತ ಕಣ್ಣೊರೆಸಿಕೊಂಡಿದ್ರು.

ಈಗ ಅದೇ ಕೆಲಸದಲ್ಲಿರೋದ್ರಿಂದ ಲೆಕ್ಕ ಗೊತ್ತು. ಮಾಮೂಲಿ ಫೋನಿನ ದನಿ ಅಂದ್ರೆ ಸೆಕೆಂಡಿಗೆ 8000 ಮಾದರಿ, ಒಂದೊಂದಕ್ಕೆ 8 ಬಿಟ್. ಒಟ್ಟು 64 ಕಿಲೋಬಿಟ್. ಇದು 1972ರ ಜಿ.711. ಡಯಲಪ್ ಮೋಡೆಮ್ ಮೇಲಕ್ಕೆ ಕಳಿಸ್ತಿದ್ದದ್ದು ಸಾಮಾನ್ಯವಾಗಿ ಹೆಚ್ಚಂದ್ರೆ 33.6. ದನಿ ಹಿಂಡದೆ ಬೇರೆ ದಾರಿಯೇ ಇಲ್ಲ.

ಈ ಹಿಂಡುವ ಕತೆಗೆ ನಮ್ಮ ಬೆಂಗಳೂರಿನ ನಂಟಿದೆ. ಬಿಷ್ಣು ಅಟಲ್ 1955ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದು ಮುಗಿಸಿ, ಅಲ್ಲೇ ಪಾಠವನ್ನೂ ಮಾಡಿ, 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದವರು. 1985ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆ ಅವರು ಸೆಲ್ಪ್ ಅನ್ನೋ ವಿಧಾನ ಮುಂದಿಟ್ಟರು. ದನಿಯನ್ನೇ ಕಳಿಸೋದು ಬೇಡ. ಗಂಟಲು-ಬಾಯಿಯ ಆಕಾರ ಕಳಿಸಿ, ಜೊತೆಗೆ ಎರಡೂ ಕಡೆ ಇರುವ ಒಂದೇ ಪುಸ್ತಕದಲ್ಲಿ ಹತ್ತಿರದ ನಮೂನೆಯ ನಂಬರ್ ಹೇಳಿ, ಅಷ್ಟೇ. ಆ ಕಡೆಯವರು ದನಿಯನ್ನ ಮತ್ತೆ ಕಟ್ಟಿಕೊಳ್ತಾರೆ. ಆಗಿನ ಕ್ರೇ-1 ಸೂಪರ್ ಕಂಪ್ಯೂಟರ್‌ಗೆ ಒಂದು ಸೆಕೆಂಡ್ ಮಾತು ಹಿಂಡೋಕೆ ಎರಡು ನಿಮಿಷದ ಮೇಲೆ ಬೇಕಾಗ್ತಿತ್ತಂತೆ!

ಹನ್ನೊಂದೇ ವರ್ಷದಲ್ಲಿ, 1996ಕ್ಕೆ, ಅದೇ ವಂಶದ ಜಿ.729 ಬಂತು: ಬರೀ 8 ಕಿಲೋಬಿಟ್. ಆದ್ರೆ ಪ್ರತಿ 20 ಮಿಲಿಸೆಕೆಂಡಿಗೆ 20 ಬೈಟ್ ಮಾತು, ಅದರ ಮೇಲೆ ವಿಳಾಸಕ್ಕೇ 40 ಬೈಟ್! ಕಾಗದಕ್ಕಿಂತ ಲಕೋಟೆ ಭಾರ. ಹಾಗಾಗಿ 8 ಹೋಗಿ 24 ಆಗುತ್ತೆ. ಡಯಲಪ್‌ನಲ್ಲಿ ಹಿಡಿಸುತ್ತೆ, ನಿಜ. ಆದ್ರೆ ಅದು ಹಿಂದಿನ ಮಾತನ್ನ ನೆನಪಿಟ್ಟುಕೊಂಡು ಮುಂದಿನದನ್ನ ಕಟ್ಟುತ್ತೆ. ಒಂದು ಪ್ಯಾಕೆಟ್ ಕಳೆದರೆ ಮುಂದಿನ ಒಂದೆರಡೂ ಕೆಡುತ್ತವೆ. ನೆಗಡಿ!

ಆಗ ಪೇಟೆಂಟ್ ಕಾಸು ಬೇರೆ ಇತ್ತು. ಹಾಗಾಗಿ ಪುಕ್ಕಟೆಯ ಸ್ಪೀಕ್ಸ್ ಬಂತು. ಪ್ಯಾಕೆಟ್ ಕಳೆದರೂ ತಡ್ಕೊಳ್ಳೋ ಐಎಲ್‌ಬಿಸಿಯೂ ಬಂತು. ನನ್ನ ಪಾಲಿಗೆ ಜಾಣ ಅಂದ್ರೆ 2012ರ ಓಪಸ್. ದಾರಿ ನೋಡಿಕೊಂಡು 6ರಿಂದ 510 ಕಿಲೋಬಿಟ್‌ವರೆಗೆ ಹಿಗ್ಗಿ ಕುಗ್ಗುತ್ತೆ. ಜಗಳೂರು ಕಡೆಯ ಗೆಳೆಯನ ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗಲೂ ಮಾತು ನಡೆಯುತ್ತೆ :)

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು.

"ಹಂಗಾದ್ರೆ ಅವತ್ತು ಅವನಿಗೆ ನೆಗಡಿ ಇರ್ಲಿಲ್ವೇನೋ?" ಅಂದ್ರು.