ಬಾಣಾವರ: ಕ್ರಾಫ್ಟ್ ಬಿಯರ್ ಅಂದ್ರೆ ಏನು, ಯಾರು ಮಾರಬಹುದು? ಅಂಗಡಿ, ಡಾಬಾದವರು ತಿಳ್ಕೊಂಡಿರಬೇಕಾದ ನಿಯಮಗಳು

ಬಾಣಾವರ: ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಈಗ ಕ್ರಾಫ್ಟ್ ಬಿಯರ್ ಮಾತು ಸಾಮಾನ್ಯ. ಅದು ನಮ್ಮ ಕಡೆ ಯಾಕೆ ಸಿಗಲ್ಲ, ಡಾಬಾದವರು ತಂದು ಕೊಡಬಹುದಾ, ಮನೇಲೇ ಮಾಡ್ಕೊಂಡ್ರೆ ತಪ್ಪಾ ಅನ್ನೋ ಪ್ರಶ್ನೆಗಳು ಜತೆಗೇ ಬರುತ್ತವೆ. ಉತ್ತರ ಚಿಕ್ಕದು. ಬಿಯರ್ ಯಾವುದೇ ಆಗಲಿ, ಇಂಥವರು ಇಂಥ ಜಾಗದಲ್ಲಿ ಇಂಥ ರೀತಿ ಮಾರಬೇಕು ಅಂತ ಲೈಸೆನ್ಸ್ ಹೇಳುತ್ತೆ. ಅದರ ಆಚೆ ಒಂದು ಗ್ಲಾಸ್ ಕೊಟ್ಟರೂ ಕೇಸು. ಇದರಲ್ಲಿ ಸಿಕ್ಕಿಬೀಳೋರು ಹೆಚ್ಚಾಗಿ ದೊಡ್ಡ ಬಾರ್‌ನವರಲ್ಲ. ಪೆಟ್ಟಿಗೆ ಅಂಗಡಿ, ಕಬಾಬ್ ಗಾಡಿ, ಡಾಬಾ ಇಟ್ಕೊಂಡು ಜೀವನ ಮಾಡೋರು. ಹಾಗಾಗಿ ಕುಡಿಯೋರೂ ಮಾರೋರೂ ತಿಳ್ಕೊಳ್ಳಬೇಕಾದ ವಿಷಯ ಇಲ್ಲಿದೆ.

ಕ್ರಾಫ್ಟ್ ಬಿಯರ್ ಅಂದ್ರೆ ಏನು?

ಎಲ್ಲಾ ಬಿಯರ್‌ಗೂ ಮೂಲ ವಸ್ತು ನಾಲ್ಕೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಇದಕ್ಕೆ ಮಾಲ್ಟ್ ಅಂತಾರೆ), ಕಹಿ ಮತ್ತು ಪರಿಮಳ ಕೊಡೋ ಹಾಪ್ಸ್ ಅನ್ನೋ ಹೂವು, ಯೀಸ್ಟ್, ನೀರು. ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೀತಾರೆ, ಹಾಪ್ಸ್ ಹಾಕಿ ಕುದಿಸ್ತಾರೆ, ಆರಿಸಿ ಯೀಸ್ಟ್ ಹಾಕ್ತಾರೆ. ಯೀಸ್ಟ್ ಸಕ್ಕರೆ ಅಂಶ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತೆ. ದೋಸೆ ಹಿಟ್ಟು ರಾತ್ರಿ ಉಬ್ಬೋದೂ ಇಂಥದ್ದೇ ಹುಳಿಯುವಿಕೆಯಿಂದ.

ಇದನ್ನು ದೊಡ್ಡ ಫ್ಯಾಕ್ಟರಿಯಲ್ಲಿ ಲಕ್ಷಗಟ್ಟಲೆ ಬಾಟಲಿಗೆ ತುಂಬಿ, ತಿಂಗಳುಗಟ್ಟಲೆ ಕೆಡದ ಹಾಗೆ ಮಾಡಿ ಕಳಿಸಿದ್ರೆ ನಮ್ಮ ವೈನ್ ಶಾಪಿನ ಬಿಯರ್. ಸಣ್ಣ ಪ್ರಮಾಣದಲ್ಲಿ, ಬೇರೆ ಬೇರೆ ರುಚಿಗೆ ಮಾಡಿದ್ದು ಕ್ರಾಫ್ಟ್ ಬಿಯರ್. ಹೋಟೆಲ್ ಒಳಗೇ ಟ್ಯಾಂಕ್ ಇಟ್ಟು ಮಾಡಿ ಅಲ್ಲೇ ಗ್ಲಾಸಿಗೆ ಬಿಡೋ ಜಾಗಕ್ಕೆ ಮೈಕ್ರೋ ಬ್ರೂವರಿ ಅಂತ ಹೆಸರು. ಅಲ್ಲಿನ ಬಿಯರನ್ನು ಸಾಮಾನ್ಯವಾಗಿ ಪೂರ್ತಿ ಸೋಸಿರಲ್ಲ, ಬಿಸಿ ಮಾಡಿ ಯೀಸ್ಟ್ ಕೊಂದಿರಲ್ಲ. ರುಚಿ ತಾಜಾ ಇರೋದು ಅದಕ್ಕೇ, ಬೇಗ ಕೆಡೋದೂ ಅದಕ್ಕೇ.

ಬೆಂಗಳೂರಿಗೆ ಬಿಯರ್ ಹೊಸದಲ್ಲ. ಥಾಮಸ್ ಲೀಶ್‌ಮನ್ ಅನ್ನೋರು ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಟ್ಟು ಮಾಡಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಕಿಂಗ್‌ಫಿಷರ್ ಆ ಕಂಪನಿಯದ್ದೇ. ಮೈಕ್ರೋ ಬ್ರೂವರಿ ಬಂದಿದ್ದು ಮಾತ್ರ 2010ರ ಹೊತ್ತಿಗೆ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ಲೆ ರಸ್ತೆಯ ಬಿಯರ್ ಕ್ಲಬ್ ಮೊದಮೊದಲು ಶುರುವಾದವು. ಆಮೇಲೆ ಮಂಗಳೂರಿನಂಥ ಊರಿಗೂ ಬಂತು. ಬೆಂಗಳೂರಿನ ಕೆಲವು ಕಡೆ ರಾಗಿ, ಮಾವು, ಕಾಫಿ ಸೇರಿಸಿ ಮಾಡಿದ್ದೂ ಉಂಟು.

ಬಾಟಲಿ ಮೇಲೆ ಕ್ರಾಫ್ಟ್ ಅಂತ ಬರೆದು ಮಾರೋ ಬ್ರಾಂಡ್‌ಗಳೂ ಇವೆ. 2015ರಲ್ಲಿ ಬಂದ ಬೀರಾ 91 ಹಾಗೇ ಹೆಸರು ಮಾಡಿತು. ಆದ್ರೆ ಬಾಟಲಿ ಅಂದಮೇಲೆ ಅದು ಫ್ಯಾಕ್ಟರಿ ಮಾಲೇ. ಉಳಿದ ಬಿಯರ್‌ಗೆ ಇರೋ ನಿಯಮವೇ ಅದಕ್ಕೂ.

ಕುಡಿಯೋರಿಗೆ: ಯಾವುದು ಹೇಗಿರುತ್ತೆ?

* ಲಾಗರ್: ತಣ್ಣನೆ ವಾತಾವರಣದಲ್ಲಿ ಕೆಲವು ವಾರ ಹುಳಿಸಿದ್ದು. ತಿಳಿ ಬಣ್ಣ, ಹಗುರ ರುಚಿ. ವೈನ್ ಶಾಪಿನ ಬಹುತೇಕ ಬಾಟಲಿ ಇದೇ ಜಾತಿ.
* ಏಲ್: ಸ್ವಲ್ಪ ಬೆಚ್ಚಗಿನ ವಾತಾವರಣದಲ್ಲಿ ಬೇಗ ಹುಳಿಯುತ್ತೆ. ಹಣ್ಣಿನ ವಾಸನೆ ಜಾಸ್ತಿ.
* ಗೋಧಿ ಬಿಯರ್: ಮಬ್ಬಾಗಿರುತ್ತೆ, ಬಾಳೆಹಣ್ಣು ಮತ್ತು ಲವಂಗದ ಪರಿಮಳ ಬರುತ್ತೆ. ಆ ವಾಸನೆ ಯೀಸ್ಟಿನದು, ಏನೋ ಬೆರೆಸಿದ್ದಲ್ಲ. ಕಹಿ ಕಮ್ಮಿ, ಮೊದಲ ಸಲ ನೋಡೋರಿಗೆ ಸುಲಭ.
* ಐಪಿಎ: ಹಾಪ್ಸ್ ಜಾಸ್ತಿ, ಕಹಿ ಜಾಸ್ತಿ. ಖಾರದ ಕೋಳಿ ಫ್ರೈ ಜತೆ ಕುಡಿದ್ರೆ ಖಾರ ಇನ್ನೂ ಏರಿದ ಹಾಗಾಗುತ್ತೆ.
* ಸ್ಟೌಟ್: ಹುರಿದ ಮಾಲ್ಟಿನಿಂದ ಕಪ್ಪು ಬಣ್ಣ, ಕಾಫಿ ಮತ್ತು ಚಾಕೊಲೇಟ್ ರುಚಿ. ಕಪ್ಪಗಿದೆ ಅಂದ ಮಾತ್ರಕ್ಕೆ ಸ್ಟ್ರಾಂಗ್ ಅಲ್ಲ.

ತೀರಾ ಐಸ್ ಥರ ತಣ್ಣಗಿದ್ರೆ ನಾಲಿಗೆಗೆ ರುಚಿ ಗೊತ್ತಾಗಲ್ಲ. ಗ್ಲಾಸಿಗೆ ಹಾಕಿ, ನೊರೆ ಇಳಿಯೋಕೆ ಬಿಟ್ಟು, ನಿಧಾನಕ್ಕೆ ಕುಡೀಬೇಕಾದ್ದು ಇದು. ಜತೆಗೆ ಬೇಯಿಸಿದ ಕಡ್ಲೆಕಾಯಿ, ಮಂಡಕ್ಕಿ ಥರದ್ದು ಸಾಕು.

"ಬಿಯರ್ ತಾನೆ" ಅನ್ನೋರು ಈ ಲೆಕ್ಕ ನೋಡಿ

ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಶೇ 5ರವರೆಗೆ ಆಲ್ಕೋಹಾಲ್ ಇದ್ರೆ ಮೈಲ್ಡ್, 5ಕ್ಕಿಂತ ಮೇಲೆ 8ರವರೆಗೆ ಸ್ಟ್ರಾಂಗ್. ಶೇ 8ರ ಒಂದು 650 ಎಂ.ಎಲ್. ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 52 ಎಂ.ಎಲ್. ಇರುತ್ತೆ. ಶೇ 42.8ರ ವಿಸ್ಕಿಯ 60 ಎಂ.ಎಲ್. ಪೆಗ್‌ನಲ್ಲಿ ಇರೋದು ಸುಮಾರು 26 ಎಂ.ಎಲ್. ಅಂದ್ರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ದೊಡ್ಡ ಪೆಗ್‌ಗೆ ಸಮ.

ಗಾಡಿ ಓಡಿಸೋರ ರಕ್ತದಲ್ಲಿ 100 ಎಂ.ಎಲ್.ಗೆ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ರೆ ಅಪರಾಧ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮೊದಲ ಸಲ ಸಿಕ್ಕಿದ್ರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ, ಎರಡು ವರ್ಷದವರೆಗೆ ಜೈಲು. ಅರಸೀಕೆರೆಯಲ್ಲಿ ಕುಡಿದು ಬೈಕಲ್ಲಿ ಬಾಣಾವರಕ್ಕೆ ಬರೋರು ಹೈವೇ ಮೇಲೇ ಬರಬೇಕು ಅನ್ನೋದು ನೆನಪಿರಲಿ.

ಯಾವ ಲೈಸೆನ್ಸ್, ಯಾವ ಕೆಲಸಕ್ಕೆ?

ಎಲ್ಲಕ್ಕೂ ಮೂಲ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಜನ ಎಲ್ಲಾನೂ ಬಾರ್ ಅಂತಾರೆ, ಆದ್ರೆ ಲೈಸೆನ್ಸ್ ಬೇರೆ ಬೇರೆ.

* ಸಿಎಲ್-2: ವೈನ್ ಶಾಪ್, ಜನರ ಬಾಯಲ್ಲಿ ಎಂಆರ್‌ಪಿ ಅಂಗಡಿ. ಸೀಲ್ ಆದ ಬಾಟಲಿ ಕೊಡಬಹುದು, ಅಲ್ಲೇ ಕೂರಿಸಿ ಕುಡಿಸೋ ಹಾಗಿಲ್ಲ.
* ಸಿಎಲ್-9: ಬಾರ್ ಅಂಡ್ ರೆಸ್ಟೋರೆಂಟ್. ಕೂತು ಕುಡಿಯೋಕೆ.
* ಸಿಎಲ್-7: ಲಾಡ್ಜ್ ಇರೋ ಹೋಟೆಲ್‌ಗೆ.
* ಸಿಎಲ್-4: ಕ್ಲಬ್‌ಗಳಿಗೆ, ಸದಸ್ಯರಿಗೆ ಮಾತ್ರ.
* ಸಿಎಲ್-11ಸಿ: ಸರ್ಕಾರಿ ಎಂಎಸ್‌ಐಎಲ್ ಮಳಿಗೆ.
* ಸಿಎಲ್-5: ಒಂದು ಕಾರ್ಯಕ್ರಮಕ್ಕೆ ಮಾತ್ರ ಕೊಡೋ ತಾತ್ಕಾಲಿಕ ಲೈಸೆನ್ಸ್.
* ಆರ್‌ವಿಬಿ: ಬಿಯರ್ ಮಾತ್ರ ಮಾರೋಕೆ.

ಮೈಕ್ರೋ ಬ್ರೂವರಿಗೆ ಬೇರೆಯದೇ ಲೈಸೆನ್ಸ್. ಅದನ್ನೂ ಸಿಎಲ್-7, ಸಿಎಲ್-9ರಂಥ ಕೂತು ಕುಡಿಯೋ ಲೈಸೆನ್ಸ್ ಇರೋ ಜಾಗಕ್ಕೇ ಕೊಡೋದು. ದಿನಕ್ಕೆ 1,000 ಲೀಟರ್ ಮೀರಿ ಮಾಡೋ ಹಾಗಿಲ್ಲ. ಅಲ್ಲಿ ಮಾಡಿದ್ದು ಅಲ್ಲೇ ಖರ್ಚಾಗಬೇಕು ಅನ್ನೋದು ಇದರ ಹಿಂದಿನ ಲೆಕ್ಕ. ಲಾಕ್‌ಡೌನ್ ಹೊತ್ತಲ್ಲಿ, 2020ರ ಮೇನಲ್ಲಿ, ಮಾಡಿಟ್ಟ ಬಿಯರ್ ಹಾಳಾಗುತ್ತೆ ಅಂತ ಗಾಜು, ಸ್ಟೀಲ್ ಪಾತ್ರೆಯಲ್ಲಿ ಎರಡು ಲೀಟರ್‌ವರೆಗೆ ಪಾರ್ಸೆಲ್ ಕೊಡೋಕೆ ಸರ್ಕಾರ ಕೆಲವು ವಾರ ಒಪ್ಪಿತ್ತು. ಅದಕ್ಕೂ ವಿಶೇಷ ಆದೇಶವೇ ಬೇಕಾಯ್ತು.

ಬಾಟಲಿ ಬಿಯರ್ ಕಥೆ ಬೇರೆ. 2003ರಿಂದ ರಾಜ್ಯದಲ್ಲಿ ಸಗಟು ಮಾರಾಟ ಕರ್ನಾಟಕ ರಾಜ್ಯ ಪಾನೀಯ ನಿಗಮದ (ಕೆಎಸ್‌ಬಿಸಿಎಲ್) ಕೈಲಿದೆ. ಅಂಗಡಿಯವರು ನಿಗಮದ ಡಿಪೋದಿಂದಲೇ ಎತ್ತಬೇಕು, ಕಂಪನಿಯಿಂದ ನೇರ ತರಿಸೋ ಹಾಗಿಲ್ಲ. ಹಾಗಾಗಿ ಗ್ರಾಹಕರು ಕೇಳಿದ ಬ್ರಾಂಡ್ ಊರಲ್ಲಿ ಸಿಗಲಿಲ್ಲ ಅಂದ್ರೆ ಅದು ಅಂಗಡಿಯವರ ಮನಸ್ಸೊಂದರ ಮೇಲೆ ನಿಂತಿರಲ್ಲ. ಬೆಲೆಯೂ ಹಾಗೇ. ಬಿಲ್ಲಿನ ದೊಡ್ಡ ಪಾಲು ತೆರಿಗೆ. 2023ರ ಜುಲೈ ಬಜೆಟ್‌ನಲ್ಲೇ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತ್ತು.

ಹೊಸ ಬಾರ್ ಇಡೋಣ ಅನ್ನೋರಿಗೆ ಇನ್ನೊಂದು ಮಾತು. ರಾಜ್ಯದಲ್ಲಿ 1992ರಿಂದ ಹೊಸ ಸಿಎಲ್-2, ಸಿಎಲ್-9 ಕೊಡೋದು ನಿಲ್ಲಿಸಿದ್ದರಿಂದ ಹಳೇ ಲೈಸೆನ್ಸ್ ಕೈ ಬದಲಾಗ್ತಾ ಬಂದಿವೆ. ಹಂಚಿಕೆಯಾಗದೆ ಉಳಿದವನ್ನು ಇ-ಹರಾಜು ಹಾಕೋದಾಗಿ 2025ರ ಬಜೆಟ್‌ನಲ್ಲಿ ಹೇಳಲಾಯ್ತು. ಲೈಸೆನ್ಸ್ ಕೊಡಿಸ್ತೀನಿ ಅಂತ ಅಡ್ವಾನ್ಸ್ ಕೇಳೋ ಮಧ್ಯವರ್ತಿಗೆ ದುಡ್ಡು ಕೊಡೋ ಮೊದಲು ಹಾಸನದ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ವಿಚಾರಿಸೋದು ಒಳ್ಳೇದು.

ಬಾಣಾವರಕ್ಕೆ ಹೈವೇ ನಿಯಮ ಯಾಕೆ ಮುಖ್ಯ?

ತುಮಕೂರು–ಹೊನ್ನಾವರ ಹೆದ್ದಾರಿ (ಹಳೇ 206) ಮತ್ತು ಮಂಗಳೂರು ಕಡೆಯಿಂದ ಬೇಲೂರು, ಹಳೇಬೀಡು, ಜಾವಗಲ್ ಮೇಲೆ ಬಂದು ಹುಳಿಯಾರಿಗೆ ಹೋಗೋ ಹೆದ್ದಾರಿ (ಹಳೇ 234) ಸೇರೋದು ಬಾಣಾವರದಲ್ಲೇ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಇರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿತು. 20,000 ಅಥವಾ ಅದಕ್ಕಿಂತ ಕಮ್ಮಿ ಜನ ಇರೋ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಅದನ್ನು 220 ಮೀಟರ್‌ಗೆ ಇಳಿಸಿದ್ದು 2017ರ ಮಾರ್ಚ್ 31ರಂದು. ಆಮೇಲೆ ಪಟ್ಟಣ ಪ್ರದೇಶಕ್ಕೆ ವಿನಾಯಿತಿಗಳೂ ಬಂದವು. ಇದರ ಜತೆಗೆ ರಾಜ್ಯದ 1967ರ ನಿಯಮಗಳಲ್ಲಿ ಶಾಲೆ, ದೇವಸ್ಥಾನ, ಮಸೀದಿ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ದೂರ ಇರಬೇಕು ಅಂತಿದೆ. ಎರಡು ಹೆದ್ದಾರಿ ಸೇರೋ ಊರಲ್ಲಿ ಜಾಗ ಬಾಡಿಗೆಗೆ ಹಿಡಿಯೋ ಮೊದಲು ಟೇಪ್ ಹಿಡಿದು ಅಳೀಬೇಕಾದ ವಿಷಯ ಇದು.

ಡಾಬಾ, ಪೆಟ್ಟಿಗೆ ಅಂಗಡಿಯವರಿಗೆ: ಕಲಂ 15(ಎ), 32(3)

ಜಿಲ್ಲೆಯ ಪೊಲೀಸ್ ಪ್ರಕಟಣೆ ಓದೋರಿಗೆ ಈ ನಂಬರ್ ಗೊತ್ತಿರುತ್ತೆ. "ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಗೆ ಸ್ಥಳಾವಕಾಶ ಮಾಡಿಕೊಟ್ಟ" ಅಂತ ಬರೋ ಕೇಸುಗಳು ಇವೇ. ಅಂಗಡಿಯವರು ಬಾಟಲಿ ಮಾರಿರಲೇಬೇಕು ಅಂತಿಲ್ಲ. ಗಿರಾಕಿ ಬೇರೆ ಕಡೆ ತಂದಿದ್ದನ್ನು ಅಂಗಡಿ ಮುಂದೆ ಕೂತು ಕುಡಿಯೋಕೆ ಬಿಟ್ಟು, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ ಕೊಟ್ಟರೂ ಕೇಸು ಬೀಳುತ್ತೆ. ಮಹಜರಿನಲ್ಲಿ ಖಾಲಿ ಪ್ಯಾಕೆಟ್, ಬಳಸಿದ ಲೋಟ ಸಾಕ್ಷಿ ಆಗುತ್ತವೆ. "ಗಿರಾಕಿ ಬೇಜಾರಾಗ್ತಾನೆ" ಅಂತ ಸುಮ್ಮನಿದ್ದ ಒಂದು ಸಂಜೆಗೆ ಮಾಲೀಕ ವರ್ಷಗಟ್ಟಲೆ ಅರಸೀಕೆರೆ ಕೋರ್ಟಿಗೆ ಅಲೀಬೇಕಾಗಬಹುದು.

ಕಿರಾಣಿ ಅಂಗಡಿಯಲ್ಲಿ ಎಣ್ಣೆ ಇಟ್ಟು ಮಾರೋದು ಇನ್ನೂ ಗಂಭೀರ. ಅದು ಲೈಸೆನ್ಸ್ ಇಲ್ಲದ ಮಾರಾಟ, ಕಲಂ 32, 34ರ ಕೇಸು. ಹಳ್ಳಿಗಳಲ್ಲಿ ಹೆಂಗಸರು ಬೀದಿಗಿಳಿಯೋದು ಹೆಚ್ಚಾಗಿ ಇದರ ವಿರುದ್ಧವೇ. ಬೆಳಗ್ಗೆ ಎದ್ದು ಹಾಲು ತರೋ ಅಂಗಡಿಯಲ್ಲೇ ಪ್ಯಾಕೆಟ್ ಸಿಕ್ಕಿದ್ರೆ ಕೂಲಿ ದುಡ್ಡು ಮನೆಗೆ ಬರಲ್ಲ ಅನ್ನೋದು ಅವರ ದೂರು.

ಕಲ್ಪವೃಕ್ಷದ ನಾಡಲ್ಲಿ ನೀರಾ, ಕಳ್ಳು

ಸ್ಥಳೀಯ ಪಾನೀಯ ಅಂದ್ರೆ ಅರಸೀಕೆರೆ ತಾಲ್ಲೂಕಿನಲ್ಲಿ ತೆಂಗಿನ ಮಾತು ಬರಲೇಬೇಕು. ಹೊಂಬಾಳೆಯಿಂದ ಇಳಿಸಿದ ತಾಜಾ ರಸ ನೀರಾ, ಅದರಲ್ಲಿ ಆಲ್ಕೋಹಾಲ್ ಇಲ್ಲ. ತಣ್ಣಗೆ ಇಡದಿದ್ರೆ ಗಾಳಿಯ ಯೀಸ್ಟಿನಿಂದಲೇ ಕೆಲವೇ ಗಂಟೆಯಲ್ಲಿ ಹುಳಿದು ಕಳ್ಳಾಗುತ್ತೆ. ನುಸಿ ರೋಗದಿಂದ ತೆಂಗು ಕೈಕೊಟ್ಟಾಗ ನೀರಾ ಇಳಿಸೋಕೆ ಬಿಡಿ ಅಂತ ರೈತರು ಹೋರಾಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ನಡೆದು ಇಬ್ಬರು ರೈತರು ಸತ್ತರು. ಆಮೇಲೆ ವರ್ಷಗಳ ನಂತರ ತೆಂಗು ಬೆಳೆಗಾರರ ಕಂಪನಿಗಳಿಗೆ ಲೈಸೆನ್ಸ್ ಮೇಲೆ ನೀರಾ ಇಳಿಸೋಕೆ ದಾರಿ ಆಯ್ತು.

ಕಳ್ಳು ಮಾತ್ರ ಬೇರೆ. ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕಡೆ 2004ರಲ್ಲಿ ನಿಷೇಧ ಆಯ್ತು. ಸಾರಾಯಿ ನಿಷೇಧ ಆಗಿದ್ದು 2007ರ ಜುಲೈ 1ರಿಂದ. ಅಂದ್ರೆ ಹೊಲದ ಮರ ನಿಮ್ಮದೇ ಆದ್ರೂ ಕಳ್ಳು ಇಳಿಸಿ ಮಾರಿದ್ರೆ ಕೇಸು.

ಜನ ಕೇಳೋ ಪ್ರಶ್ನೆಗಳು

ಮನೇಲಿ ಬಿಯರ್ ಮಾಡ್ಕೋಬಹುದಾ?
ಇಲ್ಲ. ಆನ್‌ಲೈನಲ್ಲಿ ಮಾಲ್ಟ್, ಯೀಸ್ಟ್ ಸಿಕ್ಕಿದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ.

ಕುಡಿಯೋಕೆ ವಯಸ್ಸೆಷ್ಟು?
ಕಾಯ್ದೆಯಲ್ಲಿ 18, 1967ರ ನಿಯಮದಲ್ಲಿ 21 ಅಂತಿದೆ. ಇದನ್ನು ಸರಿಮಾಡಲು 2023ರ ಜನವರಿಯಲ್ಲಿ ಸರ್ಕಾರ 18ಕ್ಕೆ ಇಳಿಸೋ ಕರಡು ತಂದು, ವಿರೋಧ ಬಂದಮೇಲೆ ವಾಪಸ್ ತಗೊಂಡಿತು. ಮಾರೋರಿಗೆ 21 ಅಂತ ಹಿಡಿಯೋದೇ ಕ್ಷೇಮ. ಅನುಮಾನ ಬಂದ್ರೆ ಆಧಾರ್ ಕೇಳಿ.

ಬೀಗರೂಟಕ್ಕೆ ಕೇಸ್‌ಗಟ್ಟಲೆ ತರಬಹುದಾ?
2020ರ ಮೇನಲ್ಲಿ ಬೆಂಗಳೂರಿನ ಒಂದು ಅಂಗಡಿಯ 52,841 ರೂಪಾಯಿ ಬಿಲ್ ವೈರಲ್ ಆಗಿ ಅಂಗಡಿ ಮೇಲೇ ಕೇಸಾಯ್ತು. ಒಬ್ಬ ಗ್ರಾಹಕನಿಗೆ 18 ಲೀಟರ್ ಬಿಯರ್ ಮಿತಿ, ಅಲ್ಲಿ ಕೊಟ್ಟಿದ್ದು 35 ಲೀಟರ್. 650 ಎಂ.ಎಲ್.ನ 12 ಬಾಟಲಿಯ ಒಂದು ಕೇಸ್ ಅಂದ್ರೆ 7.8 ಲೀಟರ್. ಎರಡು ಕೇಸ್ ಮಿತಿ ಒಳಗೆ, ಮೂರನೇದು ಮಿತಿ ಮೀರುತ್ತೆ. ದೊಡ್ಡ ಕಾರ್ಯಕ್ರಮ ಇದ್ರೆ ಸಿಎಲ್-5 ಬಗ್ಗೆ ಮೊದಲೇ ಅಬಕಾರಿ ನಿರೀಕ್ಷಕರ ಕಚೇರಿಯಲ್ಲಿ ಕೇಳಿ.

ಯಾವ ದಿನ ಬಂದ್?
ಅಕ್ಟೋಬರ್ 2 ಗಾಂಧಿ ಜಯಂತಿ ಖಾಯಂ. ಚುನಾವಣೆಯಲ್ಲಿ ಮತದಾನ ಮುಗಿಯೋ ಹೊತ್ತಿಗೆ ಹಿಂದಿನ 48 ಗಂಟೆ. ಗಣಪತಿ ವಿಸರ್ಜನೆಯಂಥ ಸಂದರ್ಭಕ್ಕೆ ಜಿಲ್ಲಾಧಿಕಾರಿ ಆದೇಶ ಮಾಡ್ತಾರೆ. ಅವತ್ತು "ನಿನ್ನೇನೇ ತಂದಿಟ್ಟಿದ್ದು" ಅಂತ ಮಾರಿದ್ರೂ ತಪ್ಪೇ.

ಬಾಟಲಿ ಅಸಲಿನಾ ಅಂತ ನೋಡೋದು ಹೇಗೆ?
ಮುಚ್ಚಳದ ಸೀಲ್, ಅಬಕಾರಿ ಲೇಬಲ್, ತಯಾರಿಕೆ ದಿನಾಂಕ, ಎಂಆರ್‌ಪಿ ನೋಡಿ. ವೈನ್ ಶಾಪಿನವರು ಎಂಆರ್‌ಪಿಗಿಂತ ಜಾಸ್ತಿ ಕೇಳಿದ್ರೆ ಬಿಲ್ ತಗೊಂಡು ಅಬಕಾರಿ ನಿರೀಕ್ಷಕರಿಗೆ ದೂರು ಕೊಡಬಹುದು.

ಡಾಬಾ, ಕಬಾಬ್ ಅಂಗಡಿಯವರು "ಇಲ್ಲಿ ಮದ್ಯ ಸೇವನೆ ನಿಷೇಧಿಸಲಾಗಿದೆ" ಅಂತ ಒಂದು ಬೋರ್ಡ್ ಹಾಕಿ, ಗಿರಾಕಿ ಬಾಟಲಿ ತೆಗೆದಾಗ ಅದನ್ನು ತೋರಿಸಿದ್ರೆ ಅರ್ಧ ತಲೆನೋವು ಕಮ್ಮಿ. ಬೋರ್ಡ್ ಇದ್ದೂ ಕುಡಿಯೋಕೆ ಬಿಟ್ಟರೆ ಮಾತ್ರ ಅದು ಯಾರನ್ನೂ ಕಾಪಾಡಲ್ಲ.